ಸರ್ಕಿಟ್ ಲೆಕ್ಕಕ್ಕೆ ಮಾತೃಕೆ ಬೇಕೇ ಬೇಕೆ?

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ವಿದ್ಯಾರ್ಥಿ. ಕಿರ್ಚಾಫ್ ನಿಯಮಗಳಿಂದ ದೊರೆಯುವ ಏಕಕಾಲಿಕ ಸಮೀಕರಣಗಳನ್ನು ಒಂದೊಂದೇ ಚರಾಕ್ಷರವನ್ನು ವರ್ಜಿಸುತ್ತ ಬಿಡಿಸುತ್ತೇನೆ. ಮಾತೃಕೆಯೇ ಸರಿಯಾದ ಕ್ರಮವೆಂದು ಸಹಪಾಠಿಗಳು ಹೇಳುತ್ತಾರೆ. ಮೂರು ಮೆಶ್‌ಗಳ (ಸರ್ಕಿಟ್‌ನೊಳಗಿನ ಮುಚ್ಚಿದ ಸುತ್ತುಗಳ) ಲೆಕ್ಕದಲ್ಲಿ ನನಗೆ ಚಿಹ್ನೆಗಳು ತಪ್ಪುವುದೂ ಉಂಟು. ಮಾತೃಕೆಯನ್ನು ಬಳಸಲೇಬೇಕೆ?

ಉತ್ತರ: ವರ್ಜಿಸಿ ಬಿಡಿಸುವ ನಿಮ್ಮ ಕ್ರಮ ಸಂಪೂರ್ಣ ಸರಿಯಾಗಿದೆ. ಸಮೀಕರಣಗಳ ಸಹಗುಣಕಗಳನ್ನಷ್ಟೇ ಸಾಲು, ಕಂಬಗಳಲ್ಲಿ ಜೋಡಿಸಿಟ್ಟರೆ ಅದೇ ಮಾತೃಕೆ. ಅದರ ಸಾಲುಗಳ ಮೇಲೆ ನಡೆಸುವ ಕ್ರಿಯೆಗಳು ನೀವು ಈಗಾಗಲೇ ಮಾಡುತ್ತಿರುವ ಗುಣಾಕಾರ, ಸಂಕಲನಗಳೇ. ಆದುದರಿಂದ ಯಾವ ವಿಧಾನ ಎಂದು ಯೋಚಿಸುವ ಮೊದಲು ಅಜ್ಞಾತಗಳು ಎಷ್ಟು ಎಂದು ಎಣಿಸಿಕೊಳ್ಳಿ. ಶ್ರಮ ಉಳಿಯುವುದು ಬಹುಮಟ್ಟಿಗೆ ಅಲ್ಲಿಯೇ.

ವೀಟ್‌ಸ್ಟನ್ ಸೇತುವೆ ಎಂಬ ಸರ್ಕಿಟ್ಟನ್ನೇ ತೆಗೆದುಕೊಳ್ಳೋಣ. ಎ ಮತ್ತು ಡಿ ಬಿಂದುಗಳ ನಡುವೆ 12 ವೋಲ್ಟ್ ಬ್ಯಾಟರಿ ಇದ್ದು, ಅದರ ಧನಾಗ್ರ ಎ ಕಡೆಗಿದೆ. ಎ–ಬಿ ನಡುವೆ 1 ಓಮ್, ಬಿ–ಡಿ ನಡುವೆ 4, ಎ–ಸಿ ನಡುವೆ 6, ಸಿ–ಡಿ ನಡುವೆ 2, ಬಿ–ಸಿ ನಡುವೆ 1 ಓಮ್ ರೋಧಕಗಳಿವೆ. ಪ್ರತಿ ಮೆಶ್‌ನ ಪ್ರವಾಹವನ್ನು ಅಜ್ಞಾತವೆಂದು ಎಣಿಸುವ ಮೆಶ್ ವಿಧಾನ ಹಿಡಿದರೆ ಮೂರು ಅಜ್ಞಾತಗಳು. ಡಿ ಬಿಂದುವನ್ನು ಶೂನ್ಯ ವೋಲ್ಟೇಜ್ ಎಂದಿಟ್ಟುಕೊಂಡರೆ ಎ ಬಿಂದುವಿನ ವೋಲ್ಟೇಜ್ 12 ಎಂದು ಮೊದಲೇ ಗೊತ್ತಿರುವುದರಿಂದ ಬಿಂದುಗಳ ವೋಲ್ಟೇಜ್‌ಗಳನ್ನು ಅಜ್ಞಾತಗಳೆಂದು ಎಣಿಸುವ ನೋಡ್ ವಿಧಾನದಲ್ಲಿ ಉಳಿಯುವ ಅಜ್ಞಾತಗಳು ಎರಡೇ. ಬಿ ಬಿಂದುವಿನ ವೋಲ್ಟೇಜ್ ಕ್ಷ, ಸಿ ಬಿಂದುವಿನದು ಯ ಆಗಿರಲಿ. ಎರಡೂ ಬಿಂದುಗಳಿಗೆ ಕಿರ್ಚಾಫನ ಪ್ರವಾಹ ನಿಯಮವನ್ನು (ಬಿಂದುವಿಗೆ ಬರುವಷ್ಟೇ ಪ್ರವಾಹ ಅಲ್ಲಿಂದ ಹೋಗುತ್ತದೆ) ಬರೆದು, ಭಿನ್ನರಾಶಿಗಳು ಹೋಗುವಂತೆ ಗುಣಿಸಿದರೆ ಹೀಗಾಗುತ್ತದೆ:

9ಕ್ಷ − 4ಯ = 48
−3ಕ್ಷ + 5ಯ = 6

ಎರಡನೆಯದನ್ನು 3ರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಿದರೆ 11ಯ = 66; ಯ ಎಂದರೆ 6 ವೋಲ್ಟ್, ಕ್ಷ ಎಂದರೆ 8 ವೋಲ್ಟ್. ಬಿಯಿಂದ ಸಿಗೆ 2 ಆಂಪಿಯರ್ ಹರಿಯುತ್ತದೆ. ಇದನ್ನೇ ಕ್ರೇಮರನ ನಿಯಮದಿಂದ ಮಾಡಲು 33, 264, 198 ಎಂಬ ಮೂರು ನಿರ್ಧಾರಕಗಳನ್ನು (ಮಾತೃಕೆಯ ಸಂಖ್ಯೆಗಳಿಂದ ಲೆಕ್ಕಹಾಕಿ ಪಡೆಯುವ ಬೆಲೆಗಳನ್ನು) ಕಂಡುಹಿಡಿದು ಭಾಗಿಸಬೇಕು. ಉತ್ತರ ಅದೇ, ಕೆಲಸ ಹೆಚ್ಚು.

ಹಾಗಾದರೆ ಮಾತೃಕೆಯ ಉಪಯೋಗವೇನು? ನಿಮ್ಮ ಚಿಹ್ನೆಗಳ ತೊಂದರೆಗೆ ಅದೇ ಒಳ್ಳೆಯ ಮದ್ದು. ಇದೇ ಸೇತುವೆಯ ಮೂರೂ ಮೆಶ್ ಪ್ರವಾಹಗಳನ್ನು ಪ್ರದಕ್ಷಿಣೆಯ ದಿಕ್ಕಿನಲ್ಲಿ ಎಣಿಸಿ, ಬ್ಯಾಟರಿಯ ಮೆಶ್ ಸಿ ಬಿಂದುವಿನ ಮೂಲಕ ಹಾದುಹೋಗುವಂತೆ ಚಿತ್ರ ಬರೆದರೆ ಮಾತೃಕೆಯ ಸಾಲುಗಳು ಕ್ರಮವಾಗಿ (8, −6, −2); (−6, 8, −1); (−2, −1, 7) ಎಂದಾಗುತ್ತವೆ. ಕರ್ಣದ ಮೇಲಿರುವುದು ಆಯಾ ಮೆಶ್‌ನ ಒಟ್ಟು ರೋಧ, ಉಳಿದ ಸ್ಥಾನಗಳಲ್ಲಿರುವುದು ಎರಡು ಮೆಶ್‌ಗಳಿಗೆ ಸಾಮಾನ್ಯವಾದ ರೋಧದ ಋಣ ಬೆಲೆ. ರೋಧಕಗಳೂ ಸ್ವತಂತ್ರ ವೋಲ್ಟೇಜ್ ಆಕರಗಳೂ ಮಾತ್ರ ಇರುವ ಸರ್ಕಿಟ್‌ನಲ್ಲಿ ಈ ಮಾತೃಕೆ ಕರ್ಣದ ಎರಡೂ ಬದಿಗೆ ಒಂದೇ ರೀತಿ ಇರಬೇಕು. ಇಲ್ಲದಿದ್ದರೆ ಬಿಡಿಸಲು ತೊಡಗುವ ಮುನ್ನವೇ ತಪ್ಪು ಸಿಕ್ಕಿತೆಂದು ತಿಳಿಯಿರಿ. ಅವಲಂಬಿತ ಆಕರ (ಸರ್ಕಿಟ್‌ನ ಬೇರೊಂದು ಕಡೆಯ ವೋಲ್ಟೇಜ್ ಅಥವಾ ಪ್ರವಾಹಕ್ಕೆ ತಕ್ಕಂತೆ ಬೆಲೆ ಬದಲಾಗುವ ಆಕರ) ಬಂದರೆ ಈ ಸಮತೆ ಸಾಮಾನ್ಯವಾಗಿ ಒಡೆಯುತ್ತದೆ, ಅಲ್ಲಿ ಈ ಪರೀಕ್ಷೆ ನಡೆಯದು.

ನಿರ್ಧಾರಕ ಸೊನ್ನೆಯಾದರೆ ಅದಕ್ಕೂ ಅರ್ಥವಿದೆ. ಯಾವ ಬಿಂದುವನ್ನೂ ಶೂನ್ಯವೆಂದು ಇಟ್ಟುಕೊಳ್ಳದೆ ಎಲ್ಲ ಬಿಂದುಗಳಿಗೂ ಪ್ರವಾಹದ ಸಮೀಕರಣ ಬರೆದಾಗ ಒಂದು ಸಮೀಕರಣ ಉಳಿದವುಗಳಿಂದಲೇ ಹುಟ್ಟಿಬರುತ್ತದೆ, ಆಗ ನಿರ್ಧಾರಕ ಸೊನ್ನೆಯಾಗುತ್ತದೆ. ಎಷ್ಟೋ ವಿದ್ಯಾರ್ಥಿಗಳು ಇದನ್ನು ಲೆಕ್ಕದ ತಪ್ಪೆಂದು ಭಾವಿಸಿ ಗಂಟೆಗಟ್ಟಲೆ ಹುಡುಕುತ್ತಾರೆ.

ಅಜ್ಞಾತಗಳು ನಾಲ್ಕನ್ನು ಮೀರಿದರೆ ಕೈಲೆಕ್ಕವನ್ನು ಬಿಟ್ಟು ಕ್ಯಾಲ್ಕ್ಯುಲೇಟರ್ ಅಥವಾ ಕಂಪ್ಯೂಟರ್ ಬಳಸುವುದೇ ಸರಿ. ಆದರೆ ಅಲ್ಲಿಯೂ ವರ್ಜಿಸುವ ಕ್ರಮಕ್ಕೇ ಮನ್ನಣೆ. ಹತ್ತು ಅಜ್ಞಾತಗಳ ಒಂದು ನಿರ್ಧಾರಕವನ್ನು ಪೂರ್ತಿ ಬಿಡಿಸಿ ಬರೆದರೆ 36,28,800 ಪದಗಳಾಗುತ್ತವೆ. ಗೌಸನ ಹೆಸರಿನಿಂದ ಕರೆಯುವ ವರ್ಜಿಸುವ ವಿಧಾನದಲ್ಲಿ ಇಡೀ ಲೆಕ್ಕ 430 ಗುಣಾಕಾರ, ಭಾಗಾಕಾರಗಳಲ್ಲಿ ಮುಗಿಯುತ್ತದೆ. 1970ರ ದಶಕದಲ್ಲಿ ಬರ್ಕ್ಲಿಯಲ್ಲಿ ರೂಪುಗೊಂಡ ಸ್ಪೈಸ್ ತಂತ್ರಾಂಶ ಸರ್ಕಿಟ್‌ಗಳನ್ನು ಬಿಡಿಸುವುದೂ ಮೂಲತಃ ಇದೇ ದಾರಿಯಲ್ಲಿ. ಮಾತೃಕೆಯ ವಿಲೋಮವನ್ನು (ಆಕರಗಳ ಬೆಲೆಗಳೊಂದಿಗೆ ಗುಣಿಸಿದರೆ ನೇರವಾಗಿ ಉತ್ತರ ಕೊಡುವ ಮಾತೃಕೆಯನ್ನು) ಕಂಡುಹಿಡಿಯುವ ಶ್ರಮ ಸಾರ್ಥಕವಾಗುವುದು ರೋಧಕಗಳು ಹಾಗೆಯೇ ಇದ್ದು ಆಕರಗಳ ಬೆಲೆ ಮಾತ್ರ ಮತ್ತೆ ಮತ್ತೆ ಬದಲಾಗುವಾಗ.

ಯಾವ ದಾರಿ ಹಿಡಿದರೂ ಉತ್ತರವನ್ನು ಸರ್ಕಿಟ್‌ನಲ್ಲಿಟ್ಟು ನೋಡಿ. ನಮ್ಮ ಸೇತುವೆಯ ಸಿ ಬಿಂದುವಿಗೆ ಎ ಕಡೆಯಿಂದ 1 ಆಂಪಿಯರ್, ಬಿ ಕಡೆಯಿಂದ 2 ಆಂಪಿಯರ್ ಬರುತ್ತದೆ. ಅಲ್ಲಿಂದ ಡಿಗೆ 3 ಆಂಪಿಯರ್ ಹೋಗುತ್ತದೆ.