ಗಾಜಿಗೆ ತೂತು ಮಾಡಲು ಯಾವ ಡ್ರಿಲ್ ಬಿಟ್ ತಗೊಳ್ಳಬೇಕು?

ಮೂರು ಅಡಿಯ ಮೀನಿನ ತೊಟ್ಟಿಯ ಹಿಂಬದಿ ಗಾಜಿಗೆ ಅರ್ಧ ಇಂಚಿನ ಪೈಪ್ ಹಾಕಲು ಒಂದು ತೂತು ಬೇಕು, ಮನೆಯಲ್ಲಿ ಗೋಡೆ ಕೊರೆಯುವ ಬಿಟ್‌ಗಳ ಸೆಟ್ ಇದೆ, ನಿಧಾನವಾಗಿ ಮಾಡಿದರೆ ಅದರಲ್ಲೇ ಆಗುತ್ತಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ದಯವಿಟ್ಟು ಅದನ್ನು ಗಾಜಿನ ಹತ್ತಿರವೂ ತರಬೇಡಿ. ನಿಮಗೆ ಬೇಕಿರುವುದು ಡೈಮಂಡ್ ಕೋರ್ ಬಿಟ್, ಅಂದರೆ ಒಳಗೆ ಟೊಳ್ಳಾಗಿ, ಬಳೆಯ ಹಾಗೆ ಅಂಚು ಮಾತ್ರ ಇರುವ ಬಿಟ್.

ನಮ್ಮದು ದಾವಣಗೆರೆಯಲ್ಲಿ ಗಾಜು, ಪ್ಲೈವುಡ್ ಅಂಗಡಿ. ಹದಿನಾಲ್ಕು ವರ್ಷದಿಂದ ತೊಟ್ಟಿ ಅಂಟಿಸುವುದು, ಕನ್ನಡಿಗೆ ತೂತು ಹಾಕುವುದು, ಶೆಲ್ಫಿನ ಗಾಜು ಕೊರೆಯುವುದು ಎಲ್ಲಾ ಮಾಡಿದ್ದೇನೆ. ವಾರಕ್ಕೆ ಒಬ್ಬರಾದರೂ ಸೀಳಿದ ಗಾಜು ಹಿಡಿದು ಬರುತ್ತಾರೆ. ಅದನ್ನು ನೋಡಿದಾಗಲೆಲ್ಲ ಬೇಜಾರಾಗುತ್ತದೆ, ಯಾಕಂದ್ರೆ ಸರಿಯಾದ ಬಿಟ್ ಇದ್ದಿದ್ದರೆ ಅದು ಉಳಿಯುತ್ತಿತ್ತು.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಮರ, ಕಬ್ಬಿಣವನ್ನು ಬಿಟ್ ಕತ್ತರಿಸುತ್ತದೆ, ಸುರುಳಿ ಸುರುಳಿಯಾಗಿ ತೊಗಟೆ ಮೇಲೆ ಬರುತ್ತದೆ. ಗಾಜು ಹಾಗಲ್ಲ. ಗಾಜನ್ನು ತೇಯಬೇಕು. ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯುವುದು ನೋಡಿದ್ದೀರಲ್ಲ, ಹಾಗೆ. ಜೋರಾಗಿ ಒತ್ತಿದರೆ ಗಂಧ ಬೇಗ ಬರುವುದಿಲ್ಲ, ನೀರು ಹಾಕದಿದ್ದರೆ ಬರುವುದೇ ಇಲ್ಲ. ಇಲ್ಲಿಯೂ ಅಷ್ಟೇ. ಯಾವ ಬಿಟ್ ಸರಿ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ತೇಯುವ ಬಿಟ್ ಬೇಕು, ಬಡಿಯುವುದು ಬೇಡ, ಸೀಳುವುದೂ ಬೇಡ.

ಗೋಡೆಯ ಬಿಟ್ಟಿನ ತುದಿಯಲ್ಲೂ ಟಂಗ್‌ಸ್ಟನ್ ಕಾರ್ಬೈಡ್ ಅನ್ನುವ ಗಡಸು ವಸ್ತು ಇರುತ್ತದೆ, ಅದು ಗಾಜಿಗಿಂತ ಗಟ್ಟಿಯೇ. ಆದರೆ ಅದರ ತುದಿ ಮೊಂಡು, ಹ್ಯಾಮರ್ ಹೊಡೆತಕ್ಕೆ ಅಂತಲೇ ಮಾಡಿದ್ದು. ಗಾಜಿನ ಮೇಲೆ ಅದು ಒಂದೇ ಜಾಗಕ್ಕೆ ಒತ್ತುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಗಾಜು ಸೀಳುತ್ತದೆ. ಕಬ್ಬಿಣಕ್ಕೆ ಬಳಸುವ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಸುಮ್ನೆ ಜಾರಿ, ಗೀರು ಬೀಳಿಸಿ, ತಾನೂ ಮೊಂಡಾಗುತ್ತದೆ. ಗಡಸುತನದ ಮೋಸ್ ಅಳತೆಯಲ್ಲಿ ಕಿಟಕಿ ಗಾಜು ಸುಮಾರು 5.5, ಟಂಗ್‌ಸ್ಟನ್ ಕಾರ್ಬೈಡ್ 9ರ ಹತ್ತಿರ, ವಜ್ರ 10. ಹಾಗಾಗಿ ಗಾಜಿಗೆ ಅಂತ ಸಿಗುವುದು ಎರಡೇ ಜಾತಿ.

ಒಂದು, ಚಪ್ಪಟೆ ಕಾರ್ಬೈಡ್ ತುದಿಯದು. ನೋಡಲು ಅರಳಿ ಎಲೆಯ ಮೊನೆಯ ಹಾಗಿರುತ್ತದೆ, ಅಂಗಡಿಯಲ್ಲಿ ‘ಗ್ಲಾಸ್ ಬಿಟ್’ ಅಥವಾ ‘ಟೈಲ್ಸ್ ಬಿಟ್’ ಅಂದರೆ ಇದನ್ನೇ ಕೊಡುತ್ತಾರೆ. 4, 6, 8 ಮಿ.ಮೀ. ತೂತಿಗೆ ಚೆನ್ನಾಗಿದೆ. ಕನ್ನಡಿಗೆ ಸ್ಕ್ರೂ ಹಾಕಬೇಕು, ಬಾಟಲಿಯಲ್ಲಿ ದೀಪದ ವೈರ್ ತೂರಿಸಬೇಕು ಅಂದರೆ ಇದು ಸಾಕು. 12 ಮಿ.ಮೀ. ದಾಟಿದ ಮೇಲೆ ಇದನ್ನು ನಾನು ಮುಟ್ಟುವುದಿಲ್ಲ, ಅಷ್ಟು ಅಗಲದ ಗಾಜನ್ನೆಲ್ಲ ಪುಡಿ ಮಾಡಬೇಕಾಗುತ್ತದೆ, ಒತ್ತಡ ಜಾಸ್ತಿ.

ಇನ್ನೊಂದು ಡೈಮಂಡ್ ಕೋರ್. ಇದು ಉಂಗುರದಷ್ಟು ಜಾಗವನ್ನು ಮಾತ್ರ ತೇಯುತ್ತದೆ, ನಡುವಿನ ಗಾಜು ಬಿಲ್ಲೆಯಾಗಿ ಉದುರುತ್ತದೆ. ಕೆಲಸ ಕಡಿಮೆ, ಬಿಸಿಯೂ ಕಡಿಮೆ. ಇದರಲ್ಲೂ ಎರಡು ಬಗೆ. ಅಗ್ಗದ್ದರಲ್ಲಿ ವಜ್ರದ ಹರಳು ಮೇಲಿನ ಒಂದು ಪದರ ಮಾತ್ರ, ನಿಕಲ್ ಲೇಪದಲ್ಲಿ ಹಿಡಿದಿರುತ್ತದೆ, ಆ ಪದರ ಸವೆದರೆ ಬಿಟ್ ಮುಗಿಯಿತು. ದುಬಾರಿಯದರಲ್ಲಿ ಅಂಚಿನ ಲೋಹದ ತುಂಬಾ ಹರಳು ಬೆರೆತಿರುತ್ತದೆ, ಸವೆದಂತೆ ಹೊಸದು ಮೇಲೆ ಬರುತ್ತದೆ. ನಮ್ಮ ಅಂಗಡಿಗೆ ಎರಡನೆಯದು ಬೇಕು. ನಿಮಗೆ ಒಂದೆರಡು ತೂತಿಗೆ ಮೊದಲನೆಯದು ಧಾರಾಳ. ಬೆಂಗಳೂರಿನ ಕಡೆಯವರಾದರೆ ಎಸ್‌ಜೆಪಿ ರೋಡಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬೆರಳಿನಿಂದ ಅಂಚು ಮುಟ್ಟಿ ನೋಡಿ ತಗೊಳ್ಳಬಹುದು. ಸುತ್ತಲೂ ಒಂದೇ ಸಮ ಒರಟಾಗಿರಬೇಕು, ಎಲ್ಲೂ ನುಣುಪು ತಾಗಬಾರದು.

ಸೈಜಿನಲ್ಲಿ ತುಂಬಾ ಜನ ಎಡವುತ್ತಾರೆ. ಅರ್ಧ ಇಂಚು ಅಂದರೆ 12.7 ಮಿ.ಮೀ. ಅಲ್ವಾ, 13ರ ಬಿಟ್ ಸಾಕು ಅಂದುಕೊಳ್ಳುತ್ತಾರೆ. ಪ್ಲಂಬಿಂಗ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅರ್ಧ ಇಂಚಿನ ಪೈಪ್ ಥ್ರೆಡ್ಡಿನ ಹೊರಮೈಯೇ ಸುಮಾರು 21 ಮಿ.ಮೀ., ಮುಕ್ಕಾಲು ಇಂಚಿನದು 26.4 ಮಿ.ಮೀ. ಟ್ಯಾಂಕ್ ಕನೆಕ್ಟರ್, ಅಂದರೆ ತೂತಿನಲ್ಲಿ ಕೂತು ಪೈಪನ್ನು ತೊಟ್ಟಿಗೆ ಜೋಡಿಸುವ ಭಾಗ, ಇನ್ನೂ ದಪ್ಪ ಇರಬಹುದು. ಆದ್ದರಿಂದ ಮೊದಲು ಕನೆಕ್ಟರ್ ತನ್ನಿ, ವರ್ನಿಯರ್‌ನಲ್ಲಿ ಥ್ರೆಡ್ ಅಳೆಯಿರಿ, ಅದಕ್ಕಿಂತ ಒಂದೆರಡು ಮಿ.ಮೀ. ದೊಡ್ಡ ಬಿಟ್ ತಗೊಳ್ಳಿ. ಗಾಜಿನ ತೂತನ್ನು ಆಮೇಲೆ ದೊಡ್ಡದು ಮಾಡುವುದು ಬಹಳ ಕಷ್ಟ, ಕೋರ್ ಬಿಟ್ಟಿಗೆ ಹಿಡಿತವೇ ಸಿಗುವುದಿಲ್ಲ.

ಬಿಟ್ಟಿಗಿಂತ ಮುಖ್ಯವಾದದ್ದು ಒಂದಿದೆ. ನಿಮ್ಮ ಗಾಜು ಟಫನ್ಡ್ ಆಗಿದೆಯಾ ನೋಡಿ. ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ತಟ್ಟನೆ ಗಾಳಿ ಹೊಡೆದು ತಣಿಸಿರುತ್ತಾರೆ. ಮೇಲ್ಮೈ ಅಮುಕಿಕೊಂಡಿರುತ್ತದೆ, ಒಳಭಾಗ ಎಳೆದುಕೊಂಡಿರುತ್ತದೆ. ಆ ಬಿಗಿತ ಒಂದು ಕಡೆ ಮುರಿದರೂ ಇಡೀ ಹಾಳೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗುತ್ತದೆ. ಅದಕ್ಕೆ ಯಾವ ಬಿಟ್ಟೂ ಇಲ್ಲ, ವಜ್ರವೂ ಇಲ್ಲ. ತೂತು ಬೇಕಿದ್ದರೆ ಟಫನ್ ಮಾಡುವ ಮೊದಲೇ ಹಾಕಿಸಬೇಕು. ಮೂಲೆಯಲ್ಲಿ ಐಎಸ್ 2553 (ಸುರಕ್ಷಾ ಗಾಜಿನ ಭಾರತೀಯ ಮಾನದಂಡ) ಅಂತಲೋ, ಟಫನ್ಡ್ ಅಂತಲೋ ಸಣ್ಣ ಮುದ್ರೆ ಇದೆಯಾ ಹುಡುಕಿ. ಮುದ್ರೆ ಇಲ್ಲ ಅಂದರೂ ನಂಬಬೇಡಿ. ಗಾಜಿನ ಹಿಂದೆ ಲ್ಯಾಪ್‌ಟಾಪ್ ಇಟ್ಟು ಬಿಳಿ ಪರದೆ ತೆರೆಯಿರಿ. ಪೋಲರಾಯ್ಡ್ ಕನ್ನಡಕವನ್ನು ಕಣ್ಣ ಮುಂದೆ ಹಿಡಿದು, ಪರದೆ ಕಪ್ಪಾಗುವ ತನಕ ಓರೆ ಮಾಡಿ ನೋಡಿ. ಸಾದಾ ಗಾಜು ಒಂದೇ ಸಮ ಕಪ್ಪಾಗಿ ಕಾಣುತ್ತದೆ. ಟಫನ್ಡ್ ಆದರೆ ಬೆಳಕಿನ ಪಟ್ಟೆ, ಮಚ್ಚೆ ಏಳುತ್ತವೆ. ನಮ್ಮ ಊರುಗಳಲ್ಲಿ ಅಂಟಿಸಿ ಮಾರುವ ತೊಟ್ಟಿಗಳು ಹೆಚ್ಚಾಗಿ ಸಾದಾ ಗಾಜು. ಫ್ಯಾಕ್ಟರಿಯಿಂದ ರೆಡಿಯಾಗಿ ಬರುವ ಕೆಲವು ತೊಟ್ಟಿಗಳ ತಳ ಟಫನ್ಡ್ ಇರುತ್ತದೆ.

ಇನ್ನು ಕೆಲಸಕ್ಕೆ ಬರೋಣ. ತೊಟ್ಟಿ ಖಾಲಿ ಮಾಡಿ, ಹಳೇ ಕಂಬಳಿಯ ಮೇಲೆ ಹಿಂಬದಿ ಗಾಜು ಮೇಲೆ ಬರುವಂತೆ ಮಲಗಿಸಿ. ತೂತಿನ ಅಂಚಿನಿಂದ ಗಾಜಿನ ಅಂಚಿಗೆ ಕಡಿಮೆ ಅಂದರೂ ತೂತಿನಷ್ಟೇ ಅಗಲ ಜಾಗ ಬಿಡಿ. ಒಳಗಡೆಯಿಂದ ಅಗಲವಾದ ಟೇಪನ್ನು ಮೂರು ನಾಲ್ಕು ಪದರ ಅಂಟಿಸಿ, ಬಿಲ್ಲೆ ಕೆಳಗಿನ ಗಾಜಿಗೆ ಬೀಳಬಾರದು. ಕೋರ್ ಬಿಟ್ಟಿಗೆ ನಡುವೆ ಮೊನೆ ಇಲ್ಲ, ಹಾಗಾಗಿ ಶುರುವಿನಲ್ಲಿ ಅದು ನಾಟ್ಯ ಮಾಡುತ್ತದೆ. ಅದನ್ನು ಹಿಡಿದು ನಿಲ್ಲಿಸಲು ತೂತಿರುವ ಒಂದು ತುಂಡು ಪ್ಲೈವುಡ್ ಬೇಕು. ಆ ತೂತನ್ನು ಇದೇ ಬಿಟ್ಟಿನಿಂದ ಮಾಡಬೇಡಿ, ಬಿಟ್ ಹಾಳಾಗಬಹುದು, ಬಡಗಿಯ ಹತ್ತಿರ ಅದೇ ಸೈಜಿನ ತೂತು ಹಾಕಿಸಿ, ಎರಡೂ ಬದಿ ಅಂಟಿರುವ ಟೇಪ್‌ನಿಂದ ಗಾಜಿನ ಮೇಲೆ ಕೂರಿಸಿ. ಬಿಟ್ ಅದರೊಳಗೆ ಸರಿಯಾಗಿ ನಿಲ್ಲುತ್ತದೆ. ಸುತ್ತಲೂ ಮಕ್ಕಳ ಆಟದ ಕ್ಲೇಯಿಂದ ಕಟ್ಟೆ ಕಟ್ಟಿ ನೀರು ತುಂಬಿಸಿ.

ನೀರಿನ ಹತ್ತಿರ ಕರೆಂಟಿನ ಡ್ರಿಲ್ ಬೇಡ. ಬ್ಯಾಟರಿಯದ್ದೇ ಸಾಲ ತನ್ನಿ. ಡ್ರಿಲ್ಲಿನ ಹ್ಯಾಮರ್ ಮೋಡ್ ಬಂದ್ ಇರಲಿ, ಕಣ್ಣಿನ ರಕ್ಷಣೆಗೆ ಕನ್ನಡಕ ಹಾಕಿಕೊಳ್ಳಿ. 25 ಮಿ.ಮೀ. ಬಿಟ್ಟನ್ನು ನಾನು ನಿಮಿಷಕ್ಕೆ 500–600 ಸುತ್ತು ಮೀರಿಸುವುದಿಲ್ಲ. ಡ್ರಿಲ್ಲಿನ ಭಾರವೇ ಸಾಕು, ಕೈಯ ಭಾರ ಹಾಕಬೇಡಿ. ಸ್ವಲ್ಪ ಹೊತ್ತಿಗೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಅದು ಗಾಜಿನ ಹಿಟ್ಟು, ಕೆಲಸ ನಡೆಯುತ್ತಿದೆ ಅಂತ ಅರ್ಥ. ಆಗಾಗ ಬಿಟ್ ಎತ್ತಿ, ಹೊಸ ನೀರು ಒಳಗೆ ಹೋಗಲಿ. ಬಿಳಿ ನೀರು ಬರುತ್ತಿಲ್ಲ, ಕೀರಲು ಸದ್ದು ಮಾತ್ರ ಬರುತ್ತಿದೆ ಅಂದರೆ ಬಿಟ್ ಸವೆದಿದೆ. ಅಲ್ಲಿಗೆ ನಿಲ್ಲಿಸಿ.

ಕೊನೆಯ ಒಂದು ಮಿ.ಮೀ.ನಲ್ಲಿ ಎಲ್ಲವೂ ಇದೆ. ಶುರುವಿನ ವರ್ಷಗಳಲ್ಲಿ ಒಬ್ಬ ಗಿರಾಕಿಯ ನಾಲ್ಕು ಅಡಿಯ ತೊಟ್ಟಿ ಕೊರೆಯುತ್ತಿದ್ದೆ. ಸದ್ದು ತೆಳುವಾಯಿತು, ಇನ್ನೇನು ಆಯಿತು ಅಂತ ಸ್ವಲ್ಪ ಒತ್ತಿದೆ. ಒಳಗಡೆ ಚಿಪ್ಪಿನಂತೆ ಒಂದು ಚೂರು ಎದ್ದಿತು, ಅಲ್ಲಿಂದ ಕೂದಲೆಳೆಯಂಥ ಬಿರುಕು ಅಂಚಿನ ತನಕ ಓಡಿತು. ‘ಟಕ್’ ಅನ್ನುವ ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಆ ಗಾಜನ್ನು ಪೂರ್ತಿ ಬಿಚ್ಚಿ ನನ್ನ ಖರ್ಚಿನಲ್ಲೇ ಹೊಸದು ಅಂಟಿಸಿಕೊಟ್ಟೆ. ಅಂದಿನಿಂದ ಸದ್ದು ಬದಲಾದ ಕೂಡಲೇ ಡ್ರಿಲ್ಲನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದ ಹಾಗೆಯೇ ತಿರುಗಿಸುತ್ತೇನೆ, ಗಾಜಿನ ಮೇಲೆ ಭಾರ ಇಲ್ಲವೇ ಇಲ್ಲ ಅನ್ನುವಷ್ಟು.

ತೂತಾದ ಮೇಲೆ ಅಂಚನ್ನು 220ರ ವಾಟರ್ ಪೇಪರ್, ಆಮೇಲೆ 400ರದ್ದು, ಎರಡರಲ್ಲೂ ನೀರು ಹಾಕಿ ಉಜ್ಜಿ. ಉಗುರಿನಿಂದ ಸುತ್ತಲೂ ಸವರಿ ನೋಡಿ. ಕನೆಕ್ಟರ್ ಕೂರಿಸುವಾಗ ರಬ್ಬರ್ ವಾಷರ್ ಕಾಲರ್ ಇರುವ ಕಡೆ ಬರಲಿ, ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿದರೆ ಕಾಲು ಸುತ್ತು, ಅಷ್ಟೇ. ಮೀನು ಬಿಡುವ ಮೊದಲು ನೀರು ತುಂಬಿಸಿ ಒಂದು ಪೂರ್ತಿ ದಿನ ಅಂಗಳದಲ್ಲಿ ಇಡಿ.

ನಿಮ್ಮ ಗಾಜಿನ ದಪ್ಪ ಎಷ್ಟು ಅಂತ ಬರೆದಿಲ್ಲ. ಅಳೆದು ತಿಳಿಸಿ. 6 ಮಿ.ಮೀ. ಅಥವಾ ಹೆಚ್ಚಿದ್ದರೆ ಮೇಲೆ ಹೇಳಿದಂತೆ ಮಾಡಿ. ಅದಕ್ಕಿಂತ ಕಡಿಮೆ ಇದ್ದರೆ ಕೊರೆಯಬೇಡಿ, ಅಂಚಿನ ಮೇಲಿಂದ ನೇತು ಹಾಕುವ ಓವರ್‌ಫ್ಲೋ ಬಾಕ್ಸ್ (ಹೆಚ್ಚಾದ ನೀರನ್ನು ತೂತಿಲ್ಲದೆಯೇ ಹೊರಗೆ ಹರಿಸುವ ಡಬ್ಬಿ) ಮಾಡುವುದು ಹೇಗೆ ಅಂತ ನಾನೇ ಬರೆಯುತ್ತೇನೆ.