ರಾಜೀನಾಮೆ ಬರೆದುಕೊಡಬೇಡ ತಮ್ಮಾ

ನೀನು ಮುಳಬಾಗಿಲಿನವನು, ನಾನು ಶ್ರೀನಿವಾಸಪುರದವನು. ಹಾಗಾಗಿ ‘ನೀನು’ ಅಂತಲೇ ಬರೆಯುತ್ತೇನೆ. ಎಂಟು ತಿಂಗಳಿಂದ ಮೆಲ್ಬರ್ನ್‌ನ ಒಂದು ದೊಡ್ಡ ವರ್ಕ್‌ಶಾಪಲ್ಲಿ ಮೆಕ್ಯಾನಿಕ್, ಕಂಪನಿ ಸ್ಪಾನ್ಸರ್ ಮಾಡಿ ಕೊಡಿಸುವ 482 ಕೆಲಸದ ವೀಸಾ, ಸ್ಪೇರ್ ಪಾರ್ಟ್ಸ್ ಹೊರಗೆ ಮಾರಿದೆ ಅಂತ ಸುಳ್ಳು ಹೊರಿಸಿ ಶುಕ್ರವಾರ ತೆಗೆದರು, ಈಗ ಮ್ಯಾನೇಜರ್ ‘ರಾಜೀನಾಮೆ ಅಂತ ಬರೆದುಕೊಡು, ಒಳ್ಳೆ ರೆಫರೆನ್ಸ್ ಕೊಡ್ತೀನಿ’ ಅನ್ನುತ್ತಿದ್ದಾನೆ. ಕೊಡಲಾ, ವೀಸಾ ಏನಾಗುತ್ತೆ, ಕಾರು ಮಾರಲಾ, ಅಪ್ಪನಿಗೆ ಹೇಳಲಾ ಅಂತ ಕೇಳಿದ್ದೀಯ.

ಕೊಡಬೇಡ. ನೀನೇ ಬಿಟ್ಟೆ ಅಂತ ಬರೆದುಕೊಟ್ಟರೆ, ‘ನಾವೆಲ್ಲಿ ತೆಗೆದೆವು’ ಅಂತ ನಾಳೆ ಅವರೇ ಕೇಳುತ್ತಾರೆ.

ನಾನು 2010ರಲ್ಲಿ ಬಂದಾಗ ರೂಮಲ್ಲಿ ಜೊತೆಗಿದ್ದವನು ಬಂಗಾರಪೇಟೆಯವನು. ಗೋಡೌನಲ್ಲಿ ಕೆಲಸ. ಒಂದಿನ ಮಾಲು ಕಮ್ಮಿ ಬಂತು ಅಂತ ಕರೆಸಿ, ನೀನು ಹೇಳುವುದೇನಾದರೂ ಇದೆಯಾ ಅಂದರು. ನಮ್ಮ ಕಡೆ ದೊಡ್ಡವರು ಬೈಯುವಾಗ ಎದುರು ಮಾತಾಡುತ್ತೇವಾ? ಇವನು ತಲೆ ತಗ್ಗಿಸಿ ನಿಂತ. ಅವರು ‘ನಿರಾಕರಿಸಲಿಲ್ಲ’ ಅಂತ ಬರೆದುಕೊಂಡರು. ಆಮೇಲೆ ರಾಜೀನಾಮೆ ಕೇಳಿದರು, ಕೊಟ್ಟ. ಅನ್ಯಾಯವಾಗಿ ತೆಗೆದರು ಅಂತ ಅರ್ಜಿ ಹಾಕಲು ಆಗ 14 ದಿನ ಮಾತ್ರ ಇತ್ತು, ಅದು ನಮಗೆ ಗೊತ್ತಾಗುವಷ್ಟರಲ್ಲಿ ಅವನು ಟಿಕೆಟ್ ಮಾಡಿಸಿಯಾಗಿತ್ತು. ಈಗ ಊರಲ್ಲಿ ಅಂಗಡಿ ಇಟ್ಟುಕೊಂಡು ಚೆನ್ನಾಗಿಯೇ ಇದ್ದಾನೆ. ಆದರೆ ಮದುವೆ ಮಾತುಕತೆಯಲ್ಲೂ ‘ಫಾರಿನ್‌ನಿಂದ ಯಾಕೆ ವಾಪಸ್ ಬಂದ’ ಅನ್ನುವ ಗುಸುಗುಸು ಬಂತು. ಕದಿಯದವನಿಗೆ ಆ ಮಾತು ಹೇಗಿರುತ್ತೆ ಹೇಳು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ನಿನ್ನ ವಿಷಯ. ಕೆಲಸದಿಂದ ತೆಗೆದ ಮಾರನೇ ದಿನದಿಂದ 21 ದಿನ. ಅಷ್ಟರೊಳಗೆ ಫೇರ್ ವರ್ಕ್ ಕಮಿಷನ್‌ಗೆ, ಅಂದರೆ ಇಲ್ಲಿ ಕೆಲಸದ ತಕರಾರು ತೀರ್ಮಾನಿಸುವ ಸಂಸ್ಥೆಗೆ, ಅರ್ಜಿ ಹೋಗಬೇಕು. ಆನ್‌ಲೈನಲ್ಲೇ ಹಾಕಬಹುದು, ವಕೀಲ ಬೇಕೇಬೇಕು ಅಂತಿಲ್ಲ. ತಡವಾದರೆ ತೀರಾ ಅಸಾಧಾರಣ ಕಾರಣ ಇದ್ದರೆ ಮಾತ್ರ ತೆಗೆದುಕೊಳ್ಳುತ್ತಾರೆ. ಕಂಪನಿಯವರ ಉತ್ತರ ಬರಲಿ ಅಂತ ಕಾಯುತ್ತಾ ಕೂರಬೇಡ. ನಿನ್ನದು ಆರು ತಿಂಗಳು ದಾಟಿದೆ, ಅಷ್ಟು ಸಾಕು. 15ಕ್ಕಿಂತ ಕಮ್ಮಿ ಜನ ಇರುವ ಕಡೆಯಾಗಿದ್ದರೆ ವರ್ಷ ತುಂಬಬೇಕಿತ್ತು. ವೀಸಾ ಮೇಲಿದ್ದವನಿಗೂ ಇದೇ ಹಕ್ಕು.

ಅಲ್ಲಿ ಮುಖ್ಯವಾಗಿ ನೋಡುವುದು, ತೆಗೆಯಲು ಸರಿಯಾದ ಕಾರಣ ಇತ್ತಾ, ಅದನ್ನು ನಿನಗೆ ಹೇಳಿದರಾ, ಉತ್ತರ ಕೊಡಲು ಬಿಟ್ಟರಾ, ಜೊತೆಗೆ ಒಬ್ಬರನ್ನು ಕರೆತರುತ್ತೇನೆ ಅಂದರೆ ಬೇಡ ಅಂದರಾ ಅಂತ. ‘ನಮಗೆ ಅನುಮಾನ ಬಂತು’ ಅಂದರೆ ಸಾಲದು, ನೀನು ಮಾರಿದ್ದು ನಿಜ ಅಂತ ಕಮಿಷನ್‌ಗೆ ಮನದಟ್ಟಾಗಬೇಕು. ಮೊದಲು ಸಾಮಾನ್ಯವಾಗಿ ಫೋನಲ್ಲೇ ರಾಜಿ ಮಾತುಕತೆ ನಡೆಯುತ್ತದೆ, ಜಾಸ್ತಿ ಕೇಸು ಅಲ್ಲೇ ಮುಗಿಯುತ್ತವೆ. ಗೆದ್ದರೆ ಕೆಲಸ ವಾಪಸ್, ಇಲ್ಲವೇ ಪರಿಹಾರ. ಪರಿಹಾರ ಹೆಚ್ಚೆಂದರೆ 26 ವಾರದ ಸಂಬಳ, ಕೋಟಿ ಗೀಟಿ ಕನಸು ಕಾಣಬೇಡ. ಸಂಬಳದ ಬಗ್ಗೆ ನೀನು ಮೊದಲು ದೂರು ಕೊಟ್ಟಿದ್ದು, ಅದಕ್ಕೇ ಸೇಡು ತೀರಿಸಿಕೊಂಡಿದ್ದರೆ ದಾರಿ ಬೇರೆ, ಆದರೆ ಅದಕ್ಕೂ ಅದೇ 21 ದಿನ. ಎರಡೂ ಒಟ್ಟಿಗೆ ನಡೆಸುವ ಹಾಗಿಲ್ಲ. ಯಾವುದು ಹಾಕಬೇಕು ಅಂತ ಜಾಬ್‌ವಾಚ್‌ಗೆ ಫೋನ್ ಮಾಡಿ ಕೇಳು, ವಿಕ್ಟೋರಿಯಾದಲ್ಲಿ ಕೆಲಸದ ಕಾನೂನಿಗೇ ಇರುವ ಉಚಿತ ಸಲಹೆ ಅದು.

ರೋಸ್ಟರ್, ಪೇಸ್ಲಿಪ್, ಮೆಸೇಜು ಎಲ್ಲ ಎತ್ತಿಟ್ಟುಕೋ. ಕಂಪನಿಯ ಫೈಲುಗಳನ್ನು ಮಾತ್ರ ನಿನ್ನ ಜಿಮೇಲಿಗೆ ಕಳಿಸಿಕೊಳ್ಳಬೇಡ, ಅದೇ ಇನ್ನೊಂದು ಆರೋಪ ಆಗುತ್ತದೆ. ಉಳಿದಿರುವ ಆನ್ಯುಯಲ್ ಲೀವ್ ದುಡ್ಡು ಕಳ್ಳತನದ ಹೆಸರಲ್ಲಿ ತೆಗೆದರೂ ಕೊಡಲೇಬೇಕು. ಕೊಡದಿದ್ದರೆ ಫೇರ್ ವರ್ಕ್ ಆಂಬಡ್ಸ್‌ಮನ್‌ಗೆ ದೂರು. ಇದು ಕಮಿಷನ್ ಅಲ್ಲ, ಬೇರೆ ಕಚೇರಿ.

ವೀಸಾಗೆ ಗಾಬರಿ ಬೇಡ. ಸ್ಪಾನ್ಸರ್ ಮಾಡಿದವರ ಕೆಲಸ ಹೋದರೂ ಇಲ್ಲೇ ಇರಲು 2024ರ ಜುಲೈಯಿಂದ ಒಂದು ಸಲಕ್ಕೆ 180 ದಿನ, ವೀಸಾ ಅವಧಿಯಲ್ಲಿ ಒಟ್ಟು 365 ದಿನ ಸಿಗುತ್ತದೆ. ಅಷ್ಟರಲ್ಲಿ ನಿನ್ನ ವೀಸಾಗೆ ಹೊಣೆ ಹೊರುವ ಹೊಸ ಕಂಪನಿ ಹುಡುಕಬೇಕು. ಮೆಕ್ಯಾನಿಕ್‌ಗೆ ಇಲ್ಲಿ ಬೇಡಿಕೆ ಇದೆ.

ಅಪ್ಪನಿಗೆ ಹೇಳು, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ವಾಸಿ. ಅಮ್ಮನಿಗೆ ಹೇಳುವುದು ಅವರಿಗೇ ಬಿಡು. ಕಾರು ಮಾರಬೇಡ, ಮೆಲ್ಬರ್ನ್ ಹೊರವಲಯದ ವೆರಿಬಿ, ಟಾರ್ನೀಟ್ ಕಡೆ ಕಾರಿಲ್ಲದೆ ಕೆಲಸಕ್ಕೆ ಹೋಗುವುದು ಕಷ್ಟ. ಮ್ಯಾನೇಜರ್‌ಗೆ ಇವತ್ತೇ ಎರಡು ಸಾಲು ಬರಿ: ನಾನು ಮಾರಿಲ್ಲ, ನಾನು ಕೆಲಸ ಬಿಟ್ಟಿಲ್ಲ, ನೀವು ತೆಗೆದಿದ್ದೀರಿ. ಇಂಗ್ಲಿಷ್ ತಿದ್ದಬೇಕಿದ್ದರೆ ನನಗೆ ಕಳಿಸು, ರಾತ್ರಿ ಒಂಬತ್ತರ ಮೇಲೆ ಮನೆಯಲ್ಲೇ ಇರುತ್ತೇನೆ.