ದೀಪಾವಳಿಗೆ ನಿಲ್ಲಿಸಿದ ಹಾಡು

ಮೈಸೂರಿನಿಂದ ಬಂದ ಈ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಅಯ್ಯೋ ಪಾಪ ಅನಿಸಿತು. ಎರಡನೇ ಸಲ ಸ್ವಲ್ಪ ಸಿಟ್ಟೂ ಬಂತು.

ಬರೆದವರು ಬ್ಯಾಂಕ್ ಉದ್ಯೋಗಿ. ತಾಯಿಗೆ 79 ವರ್ಷ, ಮರೆವಿನ ಕಾಯಿಲೆ. ಒಂದೂವರೆ ವರ್ಷದಿಂದ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿದ್ದಾರೆ. ಮಗಳು ಭಾನುವಾರ ಹೋಗಿ ಬರುತ್ತಾರೆ, ದುಡ್ಡು ನ್ಯೂಜೆರ್ಸಿಯ ಅಣ್ಣ ಕಟ್ಟುತ್ತಾರೆ. ದೀಪಾವಳಿ ಕಳೆದಾಗಿನಿಂದ ಅಮ್ಮನಿಗೆ ಸ್ನಾನ ಅಂದರೆ ಆಗದು. ಕಿರುಚುತ್ತಾರೆ, ಹೊಡೆಯುತ್ತಾರೆ. ಒಬ್ಬ ಆಯಾಳ ಕೈ ಪರಚಿ ರಕ್ತ ಬಂತಂತೆ. ಸಂಗೀತದಿಂದ ಒಳ್ಳೆಯದಾಗುತ್ತದೆ ಅಂತ ಎಲ್ಲೋ ಓದಿದ ಅಣ್ಣ ದುಬಾರಿ ಹೆಡ್‌ಫೋನ್ ಕಳಿಸಿದರು. ಅಮ್ಮ ಅದನ್ನು ಕಿತ್ತೆಸೆದರು. ಈಗ ಕೇಂದ್ರದವರು, "ಶಾಂತವಾಗಿರೋಕೆ ಮಾತ್ರೆ ಶುರು ಮಾಡ್ತೀವಿ, ಸಹಿ ಹಾಕಿ. ಇಲ್ಲಾಂದ್ರೆ ಮನೆಗೆ ಕರ್ಕೊಂಡು ಹೋಗಿ" ಅನ್ನುತ್ತಿದ್ದಾರೆ. ಸಹಿ ಹಾಕಲೋ ಬೇಡವೋ ಅನ್ನುವುದು ಇವರ ಪ್ರಶ್ನೆ.

ಪತ್ರದ ಎರಡನೇ ಪುಟದ ಕೊನೆಗೆ, ಹೋಗುವ ಹೊತ್ತಿಗೆ ಏನೋ ನೆನಪಾದವರ ಹಾಗೆ ಹೀಗೆ ಬರೆದಿದ್ದೀರಿ: "ಅಲ್ಲಿಯ ಶಿಸ್ತೂ ಅಷ್ಟಕ್ಕಷ್ಟೇ. ಒಡಿಶಾ ಕಡೆಯ ಹುಡುಗಿಯೊಬ್ಬಳು ಅಮ್ಮನಿಗೆ ಸ್ನಾನ ಮಾಡಿಸುವಾಗಲೂ ಹಾಡಿಕೊಳ್ಳುತ್ತಿದ್ದಳು. ದೀಪಾವಳಿಗೆ ಹೋದಾಗ ಸೂಪರ್‌ವೈಸರ್‌ಗೆ ಹೇಳಿ ನಿಲ್ಲಿಸಿದೆ."

ಹಾಡು ನಿಂತಿದ್ದು ದೀಪಾವಳಿಗೆ, ಗಲಾಟೆ ಶುರುವಾಗಿದ್ದು ದೀಪಾವಳಿ ಆದ ಮೇಲೆ. ಎರಡೂ ನಿಮ್ಮದೇ ಕೈಬರಹದಲ್ಲಿದೆ. ನೀವೇ ಅದನ್ನು ಒಟ್ಟಿಗಿಟ್ಟು ನೋಡಿಲ್ಲ, ಅಲ್ವಾ?

ಇದೊಂದೇ ಕಾರಣ ಅಂತ ನಾನು ಪ್ರಮಾಣ ಮಾಡಲಾರೆ. ಇಂಥ ಕಾಯಿಲೆಯವರು ಇದ್ದಕ್ಕಿದ್ದಂತೆ ರಂಪ ಮಾಡಿದರೆ ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ಒಂದು ಕಡೆ ನೋವು ಇರಬಹುದು. ಹೇಳಿಕೊಳ್ಳಲು ಅವರಿಗೆ ಬರುವುದಿಲ್ಲ. ಮೊದಲು ಡಾಕ್ಟರ್ ಅದನ್ನೆಲ್ಲ ನೋಡಲಿ. ಆ ಮಾತ್ರೆ ಯಾವುದು ಅಂತಲೂ ಅವರನ್ನೇ ಕೇಳಿ. ಮರೆವಿನ ಕಾಯಿಲೆ ಇರುವ ಮುದುಕರಿಗೆ ಮನೋರೋಗದ ಕೆಲವು ಮಾತ್ರೆಗಳನ್ನು ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಸಿದೆ. ಬೇರೆ ದಾರಿಯೇ ಇಲ್ಲದಾಗ ಡಾಕ್ಟರ್ ಕೊಡಬಹುದು. ಸ್ನಾನ ಸಲೀಸಾಗಲಿ ಅಂತ ಸೂಪರ್‌ವೈಸರ್ ಹೇಳಿದ ಮಾತ್ರಕ್ಕೆ ಸಹಿ ಹಾಕಬೇಡಿ.

ಈಗ ಬಚ್ಚಲಿಗೆ ಬನ್ನಿ. ಯಾರೋ ಗುರುತಿಲ್ಲದವರು ಸೀರೆ ಬಿಚ್ಚುತ್ತಾರೆ. "ಕೈ ಎತ್ತಿ ಅಜ್ಜಿ, ಈ ಕಡೆ ತಿರುಗಿ, ಕೂತ್ಕೊಳ್ಳಿ, ಅಯ್ಯೋ ಕೂತ್ಕೊಳ್ಳಿ ಅಂದ್ನಲ್ಲ." ಒಂದು ಮಾತು ತಲೆಗೆ ಹೋಗುವಷ್ಟರಲ್ಲಿ ಇನ್ನೊಂದು. ಅಷ್ಟರಲ್ಲಿ ಬೆನ್ನಿಗೆ ಒಂದು ಚೊಂಬು ನೀರು. ನಾನಾದರೂ ಪರಚುತ್ತಿದ್ದೆ.

ಸ್ವೀಡನ್ನಿನ ಆರೈಕೆ ಕೇಂದ್ರಗಳಲ್ಲಿ ಇದನ್ನೇ ಕೂತು ಗಮನಿಸಿದವರಿದ್ದಾರೆ. ಎವಾ ಯೋಟೆಲ್ ಅನ್ನುವ ಸಂಶೋಧಕಿ ಮತ್ತು ಅವರ ಜೊತೆಯವರು ಬೆಳಗಿನ ಸ್ನಾನ, ಬಟ್ಟೆಯ ಹೊತ್ತನ್ನು ನೋಡಿ 2002ರಲ್ಲಿ ಬರೆದರು. ನೋಡಿಕೊಳ್ಳುವವರು ತಾವೇ ಹಾಡುತ್ತಾ ಕೆಲಸ ಮಾಡಿದಾಗ ಅವರ "ಹಾಗೆ ಮಾಡಿ, ಹೀಗೆ ಮಾಡಿ" ಬಹಳ ಕಡಿಮೆಯಾಯಿತು. ಆದರೂ ಮುದುಕರಿಗೆ ಏನು ಮಾಡಬೇಕೆಂದು ಹೆಚ್ಚು ಚೆನ್ನಾಗಿ ತಿಳಿಯಿತು. ಸುಮ್ನೆ ಹಾಡು ಹಾಕಿಟ್ಟಾಗಲೂ ಅನುಕೂಲವಾಯಿತು, ಇಲ್ಲ ಅನ್ನಲ್ಲ. ಆದರೆ ಹೆಡ್‌ಫೋನ್! ನ್ಯೂಜೆರ್ಸಿಯಲ್ಲಿ ಕೂತವರಿಗೆ ನಾನು ಹೇಳುವುದಿಷ್ಟೇ: ಮೊದಲೇ ದಿಕ್ಕು ತಪ್ಪಿದ ಹೆಂಗಸಿನ ಎರಡೂ ಕಿವಿ ಮುಚ್ಚಿದರೆ ಕಿತ್ತೆಸೆಯದೆ ಇನ್ನೇನು ಮಾಡುತ್ತಾರೆ? ಅಣ್ಣ ದುಡ್ಡು ಕಟ್ಟುತ್ತಾರೆ, ಸರಿ. ವಾಟ್ಸಾಪ್‌ನಲ್ಲಿ ಆರೈಕೆಯನ್ನೂ ಮಾಡಲು ಹೊರಟರೆ ಹೀಗೇ ಆಗುವುದು. ಅವರು ಕಳಿಸಿದ ಪಟ್ಟಿಯನ್ನೂ ನೋಡಿದೆ. ಎಲ್ಲಾ ಎಂಬತ್ತರ ದಶಕದ ಸಿನಿಮಾ ಹಾಡು. ಅದು ಅವರ ಕಾಲೇಜಿನ ಕಾಲ. ಗಟ್ಟಿಯಾಗಿ ಉಳಿಯುವುದು ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕೇಳಿದ ಹಾಡು. ನಿಮ್ಮ ತಾಯಿ ಹುಬ್ಬಳ್ಳಿ ಕಡೆಯವರು. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ, ಆಗ ಅವರು ಪುಟ್ಟ ಹುಡುಗಿ. ಆ ರೇಡಿಯೋ, ಬೀಸುಕಲ್ಲಿನ ಪದ, ಮದುವೆಯ ಅರಿಸಿನ ಎಣ್ಣೆ ಹಚ್ಚುವಾಗಿನ ಹಾಡು, ಹುಡುಕುವುದಾದರೆ ಅಲ್ಲಿ ಹುಡುಕಿ.

ನನ್ನ ಅತ್ತೆಗೆ ಕೊನೆಯ ವರ್ಷ ನಾನು ಯಾರೆಂದೇ ತಿಳಿಯುತ್ತಿರಲಿಲ್ಲ. ಒಂದು ಸಂಜೆ ದೀಪ ಹಚ್ಚುತ್ತಾ ಆರತಿ ಹಾಡು ಹೇಳುವಾಗ ಒಂದು ಸಾಲು ಬಿಟ್ಟೆ. ಮೂಲೆಯ ಮಂಚದಿಂದಲೇ, "ನಡುವಿಂದ್ ಎಲ್ಲಿ ಹೋತು?" ಅಂದರು. ಆಮೇಲೆ ತಾವೇ ಹೇಳಿದರು, ಸಾಲೂ ಸರಿ, ಧಾಟಿಯೂ ಸರಿ.

ನಿಮ್ಮ ಮೇಲೆ ನನಗೆ ಪೂರ್ತಿ ಸಿಟ್ಟಿಲ್ಲ. ತಾಯಿಯನ್ನು ಹೊರಗೆ ಬಿಟ್ಟ ಸಂಕಟಕ್ಕೆ ಅಲ್ಲಿ ಏನಾದರೊಂದು ತಪ್ಪು ಕಾಣಲೇಬೇಕು, ಅದು ಸಹಜ. ಆದರೆ ಹಾಲ್‌ನಲ್ಲಿ ಬೆಳಗಿನಿಂದ ರಾತ್ರಿವರೆಗೆ ಟಿವಿ ಅರಚುತ್ತಿರುತ್ತದೆ ಅಂತ ನೀವೇ ಬರೆದಿದ್ದೀರಿ, ಅದರ ಬಗ್ಗೆ ದೂರಿಲ್ಲ. (ಆ ಟಿವಿ ಆರಿಸಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ ನನಗೇ ಲೆಕ್ಕವಿಲ್ಲ.) ಮೈ ಉಜ್ಜುತ್ತಾ ಹಾಡಿದ ಹುಡುಗಿ ಮಾತ್ರ ನಿಮಗೆ ಅಶಿಸ್ತಾಗಿ ಕಂಡಳು. ಒಡಿಯಾ ಹಾಡು ನಿಮ್ಮ ತಾಯಿಗೆ ಅರ್ಥವಾಗದಿರಬಹುದು. ದನಿ ಅರ್ಥವಾಗುತ್ತಿತ್ತು ಅನ್ನುವುದು ನನ್ನ ಊಹೆ.

ಮಾಡಬೇಕಾದ್ದು ಒಂದೇ. ಭಾನುವಾರಕ್ಕೆ ಕಾಯಬೇಡಿ. ಅರ್ಧ ದಿನ ರಜೆ ಹಾಕಿ ಬೆಳಿಗ್ಗೆ ಸ್ನಾನದ ಹೊತ್ತಿಗೆ ಹೋಗಿ. ಸೂಪರ್‌ವೈಸರ್ ಎದುರಿಗೇ ಆ ಹುಡುಗಿಗೆ, "ನನ್ನದು ತಪ್ಪಾಯ್ತಮ್ಮಾ, ನೀನು ಹಾಡು" ಅನ್ನಿ. ಅವಳ ಹೆಸರನ್ನೂ ಕೇಳಿಕೊಳ್ಳಿ, ಪತ್ರದಲ್ಲಿ ಅದಿಲ್ಲ. ಅವಳು ಒಪ್ಪಿದರೆ ಅಮ್ಮನ ಹಾಡೊಂದರ ಎರಡು ಸಾಲು ಕಲಿಸಿ. ನಿಮಗೆ ಬರದಿದ್ದರೆ ಹುಬ್ಬಳ್ಳಿಯ ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿ. ಅವರ ಪ್ರಸ್ತಾಪ ಮೊದಲ ಪುಟದಲ್ಲೇ ಇದೆ.

ಆ ದಿನ ನೀರು ಬಿಸಿ ಇದೆಯಾ ಅಂತ ನೀವೇ ಕೈಯಿಟ್ಟು ನೋಡಿ. ಮೊದಲ ಚೊಂಬು ಕಾಲಿಗೆ ಹಾಕಲಿ, ಬೆನ್ನಿಗೆ ಬೇಡ.